ಮೂಕಿ ಚಿತ್ರದ ಭಯಕ್ಕೆ ಸಂಗೀತ ಕಟ್ಟಲು ಏಳು ಸೂತ್ರಗಳು

ಎಫ್. ಡಬ್ಲ್ಯು. ಮುರ್ನೌ ಅವರ ಮೂಕಿ ಚಿತ್ರ ‘ನೊಸ್ಫೆರಾಟು’ 1922ರ ಮಾರ್ಚ್ 4ರಂದು ಬರ್ಲಿನ್‌ನಲ್ಲಿ ತೆರೆಕಂಡಿತು. ಹಾನ್ಸ್ ಎರ್ಡ್‌ಮನ್ ಅದಕ್ಕೆಂದೇ ರಚಿಸಿದ್ದ ಸಂಗೀತದ ಬಹುಭಾಗ ಇಂದು ಉಳಿದಿಲ್ಲ. ಹಾಗಾಗಿ ಈ ಚಿತ್ರಕ್ಕೆ ಪ್ರತಿ ತಲೆಮಾರೂ ಹೊಸ ಸಂಗೀತ ಬರೆಯುತ್ತಲೇ ಇದೆ. ಈಗ ನಿಮ್ಮ ಸರದಿ ಬಂದಿದ್ದರೆ ಇವನ್ನು ನೆನಪಿಡಿ.

1. ಮೊದಲು ಸದ್ದಿಲ್ಲದೆ ನೋಡಿ. ಬೇರೆಯವರ ಸಂಗೀತ ಒಮ್ಮೆ ಕಿವಿಯಲ್ಲಿ ಕೂತರೆ ಏಳುವುದು ಕಷ್ಟ. ಧ್ವನಿ ಆರಿಸಿ, ಚಿತ್ರದ ಉಸಿರಾಟವನ್ನಷ್ಟೇ ಗಮನಿಸಿ.

2. ಯಾವ ಪ್ರತಿ ಎಂದು ಗೊತ್ತುಮಾಡಿಕೊಳ್ಳಿ. ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕಾಗಿ ಬ್ರಾಮ್ ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಮೊಕದ್ದಮೆ ಹೂಡಿದರು. 1925ರಲ್ಲಿ ಚಿತ್ರದ ಪ್ರತಿಗಳನ್ನು ನಾಶಮಾಡಲು ಆದೇಶವಾಯಿತು. ಅಳಿದುಳಿದ ಪ್ರತಿಗಳ ಉದ್ದ, ವೇಗ ಒಂದೇ ತೆರನಾಗಿಲ್ಲ. ಸೆಕೆಂಡಿಗೆ 18 ಫ್ರೇಮಿನಂತೆ 12 ಸೆಕೆಂಡ್ ಓಡುವ ಶಾಟ್, 24 ಫ್ರೇಮಿನಂತೆ ಓಡಿಸಿದರೆ 9 ಸೆಕೆಂಡಿಗೇ ಮುಗಿಯುತ್ತದೆ. ಪ್ರತಿ ಬದಲಾದರೆ ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ.

3. ದೃಶ್ಯಪಟ್ಟಿ ಬರೆಯಿರಿ. ಪ್ರತಿ ದೃಶ್ಯ ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಅಲ್ಲಿ ಯಾರ ಮನಸ್ಸು ಮುಖ್ಯ ಎಂಬುದನ್ನು ಗುರುತಿಸಿ. ಲಯವನ್ನು ಆಮೇಲೆ ಆರಿಸಿಕೊಳ್ಳಿ.

4. ಎರಡೇ ಎಳೆ ಸಾಕು. ನಾಯಕಿ ಎಲೆನ್‌ಗೊಂದು ಸ್ವರಗುಚ್ಛ, ರಕ್ತಪಿಶಾಚಿ ಕೌಂಟ್ ಆರ್ಲಾಕ್‌ಗೊಂದು. ನಿದ್ದೆಗಣ್ಣಿನಲ್ಲಿ ಎಲೆನ್ ತನ್ನ ಗಂಡ ಹುಟರ್‌ನನ್ನು ಕೂಗಿದಾಗ, ದೂರದ ಕೋಟೆಯಲ್ಲಿರುವ ಆರ್ಲಾಕ್ ಹೊರಳಿ ನೋಡುತ್ತಾನೆ. ಎರಡು ಎಳೆಗಳೂ ಮೊದಲ ಸಲ ಹೆಣೆದುಕೊಳ್ಳಬೇಕಾದ ಜಾಗ ಇದೇ.

5. ಪ್ರತಿ ಚಲನೆಗೂ ತಾಳ ಹಾಕಬೇಡಿ. ಆರ್ಲಾಕ್‌ನ ಕೋಟೆಯಲ್ಲಿ ಊಟದ ಹೊತ್ತಿನಲ್ಲಿ ಅಸ್ಥಿಪಂಜರದ ಗಡಿಯಾರ ಹನ್ನೆರಡು ಹೊಡೆಯುವಾಗ ಗಂಟೆಯ ದನಿ ಬರಲಿ. ಹುಟರ್ ಅದನ್ನು ಕೇಳಿ ಬೆಚ್ಚುತ್ತಾನೆ. ಆದರೆ ಹೆಜ್ಜೆಗೊಂದು, ಬಾಗಿಲಿಗೊಂದು ಪೆಟ್ಟು ಕೊಡುತ್ತ ಹೋದರೆ ಭಯ ಕರಗಿ ನಗು ಬರುತ್ತದೆ.

6. ಮೌನವನ್ನು ಕೂಡಿಟ್ಟುಕೊಳ್ಳಿ. ಮೂಕಿ ಚಿತ್ರದಲ್ಲಿ ಸಂಗೀತ ನಿಂತರೆ ಸಭಾಂಗಣವೇ ನಿಶ್ಶಬ್ದ. ಆರ್ಲಾಕ್‌ನ ನೆರಳು ಮೆಟ್ಟಿಲೇರುವಾಗ ಒಂದೇ ಚೆಲ್ಲೊ ಉಳಿಸಿ. ಆ ನೆರಳಿನ ಕೈ ಎಲೆನ್‌ಳ ಎದೆಯನ್ನು ಹಿಡಿದ ಕ್ಷಣ ಅದನ್ನೂ ನಿಲ್ಲಿಸಿ. ಇಡೀ ಚಿತ್ರದಲ್ಲಿ ಇದನ್ನು ಒಮ್ಮೆ ಮಾತ್ರ ಮಾಡಿ.

7. ಶೋಕಕ್ಕೂ ಜಾಗ ಕೊಡಿ. ಪ್ಲೇಗ್ ಹೊಕ್ಕ ಊರಿನ ಬೀದಿಯಲ್ಲಿ ಶವಪೆಟ್ಟಿಗೆಗಳು ಸಾಲಾಗಿ ಸಾಗುತ್ತವೆ, ಎಲೆನ್ ಕಿಟಕಿಯಿಂದ ನೋಡುತ್ತಾಳೆ. ಊರನ್ನು ಉಳಿಸಲು ತನ್ನ ಜೀವವನ್ನೇ ಕೊಡಲು ಸಿದ್ಧಳಾಗುತ್ತಾಳೆ. ಇಲ್ಲಿ ಹೆದರಿಸುವ ಸ್ವರ ಸಲ್ಲದು. ಅವಳ ಎಳೆಯನ್ನು ನಿಧಾನವಾಗಿ, ಪೂರ್ತಿಯಾಗಿ ನುಡಿಸಿ. ಪಿಶಾಚಿಯನ್ನು ಕಂಡು ಬೆಚ್ಚಿದ ಪ್ರೇಕ್ಷಕ ಕೊನೆಗೆ ಎಲೆನ್‌ಗಾಗಿ ಮರುಗಿದರೆ, ನಿಮ್ಮ ಸಂಗೀತ ಗೆದ್ದಂತೆ.