ಊಟದ ಜಾಗಕ್ಕೆ ಗೋಡೆ ಬೇಡ

ಮೂಡಲಗಿಯ ಸಹೋದರಿಗೆ,

ಹನ್ನೆರಡು ಕುರ್ಚಿಯ ಮೇಜು ಬೇಡ, ಆರು ಜನರದ್ದು ಸಾಕು. ಒಬ್ಬೊಬ್ಬರಿಗೆ 2 ಅಡಿ ಅಗಲ, ಕುರ್ಚಿಯ ಹಿಂದೆ ಬಡಿಸುವವರ ಓಡಾಟಕ್ಕೆ 3 ಅಡಿ ಬಿಡಿ. ಪಡಸಾಲೆಗೂ ಊಟದ ಜಾಗಕ್ಕೂ ನಡುವೆ ಗೋಡೆ ಕಟ್ಟಲೇಬೇಡಿ. ನಿಮ್ಮ ಹುಕ್ಕೇರಿಯ ಬೀಗರು ಬಂದ ದಿನ ಮೇಜು ಬದಿಗೆ ಸರಿಸಿ, ಚಾಪೆ ಹಾಸಿದರೆ ಪಂಕ್ತಿ ಸಿದ್ಧ. ಅದಕ್ಕೇ ಮೇಜಿನ ಮೇಲೆ ತೂಗುದೀಪ ಹಾಕಿಸಬೇಡಿ, ಎದ್ದು ನಿಂತವರ ತಲೆಗೆ ಬಡಿಯುತ್ತದೆ.

ನೆಲಕ್ಕೆ ಹೊಳಪಿನ ಟೈಲ್ಸ್ ಬದಲು ಶಹಾಬಾದ್ ಫರಸಿ ಚೆಂದ. ಅದು ಸುಣ್ಣದ ಕಲ್ಲು. ನಿಂಬೆರಸ ಬಿದ್ದರೆ ಕಲೆಯಾಗುತ್ತದೆ, ತಕ್ಷಣ ಒರೆಸಿ. ಅಡುಗೆಮನೆಯ ಗೋಡೆಗೆ ಅಗಲವಾದ ಕಿಂಡಿ ಇಡಿಸಿ: ಹಂಚಿನಿಂದಿಳಿದ ಜೋಳದ ರೊಟ್ಟಿ ಬಿಸಿಯಾಗಿಯೇ ತಾಟಿಗೆ ಬರಲಿ, ರೊಟ್ಟಿ ಬಡಿಯುವವರೂ ಮಾತಿನಲ್ಲಿ ಸೇರಲಿ. ಅಲಂಕಾರಕ್ಕೆ ಗೋಕಾಕದ ಮರದ ಗೊಂಬೆ ಎರಡು ಸಾಕು.