ನಾಯಿಯ ಹೊಟ್ಟೆ: ಮನೆಯ ಆರೈಕೆ ಎಲ್ಲಿಯವರೆಗೆ?

ಅರಕೆರೆ ಸುತ್ತಮುತ್ತಲ ತೋಟದ ಮನೆಗಳಲ್ಲಿ ನಾಯಿ ಬೇಕೇ ಬೇಕು. ಗದ್ದೆ ಕಾಯಲು, ಕುರಿ ಹಟ್ಟಿ ಕಾಯಲು, ರಾತ್ರಿ ಹೊತ್ತು ಅಂಗಳದಲ್ಲಿ ಎಚ್ಚರವಾಗಿರಲು ಅದೇ ಗತಿ. ಮಿಕ್ಕ ಮುದ್ದೆ, ಮಿಕ್ಕ ಸಾರು ಅದರ ಊಟ. ಹೊಟ್ಟೆ ಕೆಟ್ಟರೆ, ಹುಳುವಾದರೆ ಬೆಳ್ಳುಳ್ಳಿಯೋ ಬೇವಿನ ಸೊಪ್ಪೋ ಅದರ ಔಷಧಿ. "ಇದೆಲ್ಲ ನೈಸರ್ಗಿಕ, ಏನೂ ಆಗಲ್ಲ" ಎಂದು ದೊಡ್ಡವರು ಹೇಳುತ್ತಾರೆ. ಈ ಮಾತಿನಲ್ಲಿ ಒಂದಿಷ್ಟು ನಿಜವಿದೆ, ಒಂದಿಷ್ಟು ಅಪಾಯವೂ ಇದೆ. ಯಾವುದು ಯಾವುದೆಂದು ತಿಳಿಯಲು ಮೊದಲು ನಾಯಿಯ ಜೀರ್ಣಾಂಗ ಹೇಗಿದೆ ಎಂದು ನೋಡೋಣ.

1. ಬಾಯಿಯಿಂದ ಕರುಳಿನವರೆಗೆ

ಬೆಳೆದ ನಾಯಿಗೆ 42 ಹಲ್ಲುಗಳಿವೆ, ನಮಗೆ 32. ಹಲ್ಲು ಹೆಚ್ಚಿದ್ದರೂ ನಾಯಿ ನಮ್ಮ ಹಾಗೆ ಅಗಿಯುವುದಿಲ್ಲ. ಹಸುವಿನ ದವಡೆ ಅಕ್ಕಪಕ್ಕಕ್ಕೆ ಆಡುವುದನ್ನು ನೀವು ನೋಡಿದ್ದೀರಿ. ನಾಯಿಯ ದವಡೆ ಮುಖ್ಯವಾಗಿ ಮೇಲೆ ಕೆಳಗೆ ಆಡುತ್ತದೆ. ಅದು ಆಹಾರವನ್ನು ಕತ್ತರಿಸಿ, ತುಂಡು ತುಂಡಾಗಿ ನುಂಗುತ್ತದೆ.

ನಮ್ಮ ಲಾಲಾರಸದಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ಅನ್ನ ಅಗಿಯುತ್ತಾ ಹೋದರೆ ಸಿಹಿಯಾಗುವುದು ಅದರಿಂದಲೇ. ನಾಯಿಯ ಲಾಲಾರಸದಲ್ಲಿ ಈ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪಿಷ್ಟದ ಜೀರ್ಣಕ್ರಿಯೆ ಬಾಯಲ್ಲಿ ಆರಂಭವಾಗದೆ ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿಯ ಅಮೈಲೇಸ್‌ನಿಂದ ನಡೆಯುತ್ತದೆ.

ಹಾಗಾದರೆ ಮಾಂಸಾಹಾರಿ ತೋಳದ ವಂಶದ ಪ್ರಾಣಿಗೆ ಮುದ್ದೆ, ಅನ್ನ ಒಗ್ಗುತ್ತದೆಯೇ? 2013ರಲ್ಲಿ ಸ್ವೀಡನ್‌ನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೆ ಉತ್ತರ ಕೊಟ್ಟಿತು. ಮೇದೋಜೀರಕ ಗ್ರಂಥಿಯ ಅಮೈಲೇಸ್ ತಯಾರಿಸುವ ವಂಶವಾಹಿಯ ಹೆಸರು ಎಎಂವೈ2ಬಿ. ತೋಳದಲ್ಲಿ ಈ ವಂಶವಾಹಿಯ ಎರಡು ಪ್ರತಿಗಳಿದ್ದರೆ, ನಾಯಿಗಳಲ್ಲಿ 4ರಿಂದ 30 ಪ್ರತಿಗಳು ಕಂಡುಬಂದವು. ಮನುಷ್ಯ ಬೇಸಾಯಕ್ಕೆ ಇಳಿದು ಧಾನ್ಯ ತಿನ್ನತೊಡಗಿದ ಮೇಲೆ, ಅವನ ಜೊತೆಗಿದ್ದ ನಾಯಿಯ ಹೊಟ್ಟೆಯೂ ಧಾನ್ಯಕ್ಕೆ ಹೊಂದಿಕೊಂಡಿತು. ಆದ್ದರಿಂದ ಚೆನ್ನಾಗಿ ಬೆಂದ ರಾಗಿ, ಅನ್ನ ನಾಯಿಗೆ ಒಗ್ಗುತ್ತದೆ. ಹಿರಿಯರ ರೂಢಿಯಲ್ಲಿ ನಿಜವಾದ ಭಾಗ ಇದು.

2. ಒಗ್ಗುವ ಊಟ

ಒಗ್ಗುವುದು ಬೇರೆ, ಸಾಲುವುದು ಬೇರೆ. ರಾಗಿಯಲ್ಲಿ ಸುಣ್ಣದ ಅಂಶವೂ ನಾರೂ ಚೆನ್ನಾಗಿವೆ, ಆದರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಬರೀ ಮುದ್ದೆ ತಿಂದ ನಾಯಿಯ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬೆಳೆಯುವ ಮರಿಗಂತೂ ಅದು ಸಾಲದು.

• ರಾಗಿ ಅಥವಾ ಅನ್ನದ ಜೊತೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಮಾಂಸ, ಮುಳ್ಳು ಬಿಡಿಸಿದ ಮೀನು ಇವುಗಳಲ್ಲಿ ಒಂದಾದರೂ ಇರಲಿ. ಉಪ್ಪು, ಖಾರ, ಒಗ್ಗರಣೆ ಬೇಡ. ಸಾರು ಮಾಡುವ ಮೊದಲೇ ನಾಯಿಯ ಪಾಲು ತೆಗೆದಿಟ್ಟರೆ ಕೆಲಸ ಸುಲಭ.
• ಗಟ್ಟಿ ಮುದ್ದೆಯನ್ನು ಹಾಗೇ ಹಾಕದೆ ಕಿವುಚಿ, ನೀರು ಬೆರೆಸಿ ಕೊಡಿ. ನಾಯಿ ಅಗಿಯದೆ ನುಂಗುತ್ತದೆ ಎಂಬುದು ನೆನಪಿರಲಿ.
• ಬೇಯಿಸಿ ಮಸೆದ ಸಿಹಿಕುಂಬಳ ಒಂದೆರಡು ಚಮಚ ಸೇರಿಸಬಹುದು. ಅದರ ನಾರು ಮಲಬದ್ಧತೆಗೂ ಸಣ್ಣಪುಟ್ಟ ಭೇದಿಗೂ ಸಹಾಯಕ.
• ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಡಿಮೆ. ಹಾಲು ಕುಡಿದು ಭೇದಿಯಾಗುವುದು ಇದರಿಂದಲೇ. ಮೊಸರಿನಲ್ಲಿ ಆ ಸಕ್ಕರೆ ಸ್ವಲ್ಪ ಕಡಿಮೆಯಾಗಿರುತ್ತದೆ; ಒಗ್ಗಿದರೆ ಒಂದೆರಡು ಚಮಚ ಸಾಕು.
• ಬೆಳೆದ ನಾಯಿಗೆ ದಿನಕ್ಕೆ ಎರಡು ಸಲ, ಮರಿಗೆ ಮೂರು ನಾಲ್ಕು ಸಲ ಊಟ. ಆಹಾರ ಬದಲಿಸುವಾಗ ಒಂದು ವಾರದಲ್ಲಿ ಹಂತ ಹಂತವಾಗಿ ಬದಲಿಸಿ.

ನೀರನ್ನು ಮರೆಯಬೇಡಿ. ನಾಯಿ ತನ್ನ ಮೈಯ ಬಿಸಿಯನ್ನು ಮುಖ್ಯವಾಗಿ ನಾಲಗೆ ಚಾಚಿ ಏದುಸಿರು ಬಿಟ್ಟು ಕಳೆಯುತ್ತದೆ. ಹಾಗೆ ಮಾಡುವಾಗ ನೀರು ಆವಿಯಾಗಿ ಹೋಗುತ್ತದೆ. ಬಾಯಾರಿದ ನಾಯಿಗಾಗಿ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ ತಂದುಕೊಟ್ಟವನ ಹದೀಸ್ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಬೇಸಿಗೆಯಲ್ಲಿ ಗೇಟಿನ ಹೊರಗೆ ಒಂದು ಬೋಗುಣಿ ನೀರಿಡಲು ನಮಗೆ ಬಾವಿಗಿಳಿಯುವ ಕಷ್ಟವೂ ಇಲ್ಲ. ಬೋಗುಣಿಯನ್ನು ದಿನವೂ ತೊಳೆಯಬೇಕು, ಅಷ್ಟೆ.

3. ನೈಸರ್ಗಿಕವಾದರೂ ವಿಷ

ಈರುಳ್ಳಿ, ಬೆಳ್ಳುಳ್ಳಿ ನಮಗೆ ಔಷಧಿ, ನಾಯಿಗೆ ವಿಷ. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ ಅನ್ನು ಉತ್ಕರ್ಷಿಸುತ್ತವೆ. ಹಾಳಾದ ಹಿಮೋಗ್ಲೋಬಿನ್ ಗಂಟುಕಟ್ಟಿ ಕಣಗಳು ಒಡೆಯುತ್ತವೆ, ರಕ್ತಹೀನತೆ ಬರುತ್ತದೆ. ಹಸಿಯಾಗಲಿ, ಬೇಯಿಸಿದ್ದಾಗಲಿ, ಪುಡಿಯಾಗಲಿ ಅಪಾಯ ತಪ್ಪದು. ಒಂದು ಚೂರು ತಿಂದ ದೊಡ್ಡ ನಾಯಿಗೆ ಏನೂ ಆಗದಿರಬಹುದು. ಪ್ರಮಾಣ ಹೆಚ್ಚಾದಷ್ಟೂ, ನಾಯಿ ಚಿಕ್ಕದಾದಷ್ಟೂ ಅಪಾಯ ಹೆಚ್ಚು. ಲಕ್ಷಣಗಳು ತಿಂದ ದಿನವೇ ಕಾಣದೆ ಹಲವು ದಿನಗಳ ನಂತರ ಕಾಣಬಹುದು. ಆಗ ಸೊರಗಿದ ನಾಯಿಯನ್ನು ನೋಡಿ ಬೆಳ್ಳುಳ್ಳಿಯನ್ನು ಯಾರೂ ಅನುಮಾನಿಸುವುದಿಲ್ಲ. "ನಮ್ಮ ನಾಯಿಗೆ ಏನೂ ಆಗಿಲ್ಲ" ಎಂಬ ನಂಬಿಕೆ ಉಳಿದುಬರಲು ಇದೂ ಒಂದು ಕಾರಣ.

ಈಗ ಹುಳುವಿರುವ ಮರಿಯ ಸ್ಥಿತಿ ಯೋಚಿಸಿ. ಕೊಕ್ಕೆಹುಳು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತಿರುತ್ತದೆ. ಹುಳು ಸಾಯಲಿ ಎಂದು ನಾವು ಕೊಟ್ಟ ಬೆಳ್ಳುಳ್ಳಿ ಉಳಿದ ರಕ್ತಕಣಗಳನ್ನೂ ಒಡೆಯುತ್ತದೆ. ಎರಡು ಪೆಟ್ಟೂ ಒಂದೇ ಕಡೆ ಬೀಳುತ್ತವೆ.

ಇನ್ನು ಹಬ್ಬ, ಮದುವೆಗಳ ಮಿಕ್ಕ ಊಟ. ಬಿರಿಯಾನಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಕೊಬ್ಬು ಮೂರೂ ಇವೆ. ಅತಿಯಾದ ಕೊಬ್ಬಿನಿಂದ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಒಳಗಾಗಬಹುದು. ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳನ್ನು ಚುಚ್ಚಬಹುದು. ಶೀರ್ ಖುರ್ಮಾದಲ್ಲಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಕೆಡುಕು. ಚಾಕೊಲೇಟ್ ಹೃದಯಕ್ಕೂ ನರಗಳಿಗೂ ಕೆಡುಕು. ಪ್ರೀತಿಯಿಂದ ಸುರಿದ ಎಲೆಯೂಟ ಹೀಗೆ ಕಾಯಿಲೆಯಾಗುತ್ತದೆ.

4. ಹುಳು: ನಾಯಿಯಿಂದ ಮನೆಯವರಿಗೆ

ನಾಯಿಯ ಹೊಟ್ಟೆ ಕೆಡಲು ನಮ್ಮ ಕಡೆ ದೊಡ್ಡ ಕಾರಣ ಹುಳು. ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಯನ್ನು ಸೇರಬಹುದು. ಅದಕ್ಕೇ ಕೆಲವು ಮರಿಗಳು ಸೊರಗಿದ್ದರೂ ಹೊಟ್ಟೆ ಮಾತ್ರ ಗುಡಾಣದಂತಿರುತ್ತದೆ. ಬಾಲದ ಬುಡದಲ್ಲಿ ಅಕ್ಕಿ ಕಾಳಿನಂಥ ತುಣುಕು ಕಂಡರೆ ಅದು ಲಾಡಿಹುಳು. ಚಿಗಟವನ್ನು ನುಂಗಿದಾಗ ಒಳಗೆ ಹೋಗುತ್ತದೆ.

ಇನ್ನೊಂದು ಲಾಡಿಹುಳುವಿನ ಬಗ್ಗೆ ನಾವು ವಿಶೇಷವಾಗಿ ತಿಳಿಯಬೇಕು. ನಮ್ಮದು ಬನ್ನೂರು ಕುರಿಯ ಸೀಮೆ. ಎಕಿನೋಕಾಕಸ್ ಎಂಬ ಹುಳುವಿನ ಮರಿಹಂತ ಕುರಿ, ಮೇಕೆಗಳ ಪಿತ್ತಜನಕಾಂಗ ಮತ್ತು ಶ್ವಾಸಕೋಶದಲ್ಲಿ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಆ ಭಾಗವನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳುಗಳು ಬೆಳೆಯುತ್ತವೆ. ಸಾಮಾನ್ಯವಾಗಿ ನಾಯಿಗೆ ಕಾಯಿಲೆಯೇ ಕಾಣುವುದಿಲ್ಲ. ಆದರೆ ಅದರ ಮಲದ ಮೂಲಕ ಮೊಟ್ಟೆಗಳು ಮಣ್ಣು, ಸೊಪ್ಪು, ಕೈ ಸೇರಿ ಮನುಷ್ಯನ ಹೊಟ್ಟೆಗೆ ಹೋದರೆ, ಅದೇ ಗುಳ್ಳೆ ನಮ್ಮ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ವರ್ಷಗಟ್ಟಲೆ ಬೆಳೆಯುತ್ತದೆ. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಆದ್ದರಿಂದ ಬಕ್ರೀದ್ ಇರಲಿ, ಮಾರಿಹಬ್ಬ ಇರಲಿ, ಭಾನುವಾರದ ಬಾಡೂಟವೇ ಇರಲಿ, ಕುರಿಯ ಒಳಾಂಗಗಳನ್ನು ಹಸಿಯಾಗಿ ನಾಯಿಗೆ ಎಸೆಯಬೇಡಿ. ಬೇಡವಾದದ್ದನ್ನು ನಾಯಿ ಕೆದಕಲಾಗದಷ್ಟು ಆಳವಾಗಿ ಹೂಳಿ.

ಹುಳುವಿಗೆ ಬೇವು, ಬೆಳ್ಳುಳ್ಳಿ ಸಾಲದು. ಮರಿಗೆ ಎರಡು ಮೂರು ವಾರದಿಂದಲೇ, ಬೆಳೆದ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ತೂಕ ನೋಡಿ ಪಶುವೈದ್ಯರು ಹೇಳಿದ ಜಂತುಹುಳು ಔಷಧಿ ಕೊಡಬೇಕು.

5. ಮನೆಯ ಆರೈಕೆ ನಿಲ್ಲಬೇಕಾದ ಜಾಗ

ಬೆಳೆದ ನಾಯಿಗೆ ಒಂದೆರಡು ಸಲ ಭೇದಿಯಾಗಿದೆ, ಆದರೂ ಚುರುಕಾಗಿದೆ, ನೀರು ಕುಡಿಯುತ್ತಿದೆ ಎಂದರೆ ಒಂದು ದಿನ ಮೆತ್ತಗೆ ಬೇಯಿಸಿದ ಅನ್ನ, ಸ್ವಲ್ಪ ಬೇಯಿಸಿದ ಕೋಳಿ, ಧಾರಾಳ ನೀರು ಕೊಟ್ಟು ನೋಡಬಹುದು. ಮರಿಗಳಿಗೆ ಈ ಕಾಯುವಿಕೆ ಸಲ್ಲದು. ಪಾರ್ವೋ ವೈರಸ್ ತಗುಲಿದ ಮರಿ ವಾಂತಿ, ದುರ್ನಾತದ ರಕ್ತಭೇದಿಯಿಂದ ನೀರು ಕಳೆದುಕೊಂಡು ಎರಡು ಮೂರು ದಿನಗಳಲ್ಲೇ ಸಾಯಬಹುದು. ಮಜ್ಜಿಗೆ ಕುಡಿಸುತ್ತಾ ಕಳೆದ ಒಂದು ದಿನ ಆ ಮರಿಯ ಪಾಲಿಗೆ ಬಹಳ ದೊಡ್ಡದು. ಆರರಿಂದ ಎಂಟು ವಾರದಲ್ಲಿ ಆರಂಭಿಸಿ, ವೈದ್ಯರು ಹೇಳಿದ ಅಂತರದಲ್ಲಿ ಹಾಕಿಸುವ ಲಸಿಕೆ ಇದನ್ನು ತಡೆಯುತ್ತದೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯೂ ಆಗಲೇಬೇಕು.

ತಕ್ಷಣ ಪಶು ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು:

• ಮಲದಲ್ಲಿ ರಕ್ತ, ಅಥವಾ ಟಾರಿನಂಥ ಕಪ್ಪು ಮಲ
• ನಿಲ್ಲದ ವಾಂತಿ, ನೀರೂ ಉಳಿಯದಿರುವುದು
• ಬಿಳಿಚಿದ ವಸಡು
• ಕತ್ತಿನ ಹಿಂದಿನ ಚರ್ಮ ಎತ್ತಿ ಬಿಟ್ಟಾಗ ನಿಧಾನವಾಗಿ ಇಳಿಯುವುದು (ನೀರಿನಂಶ ಕಡಿಮೆಯಾಗಿದೆ ಎಂದರ್ಥ)
• ಉಬ್ಬಿ ಗಟ್ಟಿಯಾದ ಹೊಟ್ಟೆ
• ಮರಿಗೆ ಯಾವುದೇ ಭೇದಿ

ವೈದ್ಯರನ್ನು ಕೇಳದೆ ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತದೆ. ಪಶುಪಾಲನಾ ಇಲಾಖೆಯ ಸಹಾಯವಾಣಿ ಸಂಖ್ಯೆ 1962.

ನೆನಪಿಡಿ

ಒಳ್ಳೆಯ ಊಟ, ಶುದ್ಧ ನೀರು, ಓಡಾಟ, ಚಿಗಟವಿಲ್ಲದ ಮಲಗುವ ಜಾಗ: ನೈಸರ್ಗಿಕ ಆರೈಕೆಯೆಂದರೆ ಇವು. ಇವು ಕಾಯಿಲೆ ಬಾರದಂತೆ ಕಾಯುತ್ತವೆ. ಬಂದ ಹುಳುವಿಗೆ ಔಷಧಿ, ವೈರಸ್‌ಗೆ ಮುಂಚಿನ ಲಸಿಕೆ, ನೀರು ಕಳೆದುಕೊಂಡ ಮರಿಗೆ ಡ್ರಿಪ್ ಬೇಕು. ನಾಯಿಯನ್ನು, ಅದರ ತಟ್ಟೆಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ನೆರೆಮನೆಯ ನಾಯಿಗೆ ಒಂದು ವಾರ ಏನೇನು ಹಾಕಿದರು ಎಂದು ಬರೆದಿಡಿ. ಅದರಲ್ಲಿ ಪಿಷ್ಟವೆಷ್ಟು, ಪ್ರೋಟೀನ್ ಎಷ್ಟು, ಹಾಕಬಾರದ್ದು ಯಾವುದು?
2. ಎಕಿನೋಕಾಕಸ್‌ನ ಜೀವನಚಕ್ರದ ಚಿತ್ರ ಬರೆದು, ಅದನ್ನು ನಾವು ಯಾವ ಯಾವ ಹಂತದಲ್ಲಿ ಮುರಿಯಬಹುದು ಎಂದು ಗುರುತಿಸಿ.
3. ಕೊನೆಯ ಸಲ ಜಂತುಹುಳು ಔಷಧಿ ಕೊಟ್ಟದ್ದು ಯಾವಾಗ ಎಂದು ಮನೆಯಲ್ಲಿ ಕೇಳಿ. ಯಾರಿಗೂ ನೆನಪಿಲ್ಲದಿದ್ದರೆ, ಈ ವಾರವೇ ಪಶು ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬನ್ನಿ.