ಇಂದಿನ ಧಮ್ಮ ಚಿಂತನೆ: ಬಂಡೆಯ ಮೇಲಿನ ರಣಹದ್ದು



ರಾಜಗೃಹದಲ್ಲಿ ಭಗವಾನ್ ಬುದ್ಧರು ಹಲವು ಬಾರಿ ತಂಗಿ ಉಪದೇಶ ನೀಡಿದ ಬೆಟ್ಟದ ಹೆಸರು ಗಿಜ್ಝಕೂಟ. ಪಾಲಿಯಲ್ಲಿ ಗಿಜ್ಝ ಎಂದರೆ ರಣಹದ್ದು. ಜನ ಅಪಶಕುನವೆನ್ನುವ ಹಕ್ಕಿಯ ಹೆಸರು!

ನಮ್ಮ ರಾಮನಗರದ ರಾಮದೇವರಬೆಟ್ಟದ ಕಡಿದಾದ ಬಂಡೆಗಳಲ್ಲೂ ಉದ್ದ ಕೊಕ್ಕಿನ ರಣಹದ್ದುಗಳಿವೆ, ಈಗ ಬೆರಳೆಣಿಕೆಯಷ್ಟೇ. 2012ರಲ್ಲಿ ಅದು ರಣಹದ್ದು ಧಾಮವಾಯಿತು. ಯಾರೂ ಹತ್ತಲಾಗದ ಬಂಡೆಯಂಚಿನಲ್ಲಿ ಕಡ್ಡಿಗೂಡು, ವರ್ಷಕ್ಕೆ ಒಂದೇ ಮೊಟ್ಟೆ. ಹಾಗಾಗಿ ಒಮ್ಮೆ ಸಂಖ್ಯೆ ಕುಸಿದರೆ ಮತ್ತೆ ಏರುವುದು ಬಹಳ ನಿಧಾನ. 1990ರ ದಶಕದಲ್ಲಿ ದೇಶದೆಲ್ಲೆಡೆ ಆದದ್ದು ಅದೇ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ, ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿತು. ದನಗಳಿಗೆ ಅದನ್ನು ಕೊಡುವುದು 2006ರಲ್ಲಿ ನಿಷೇಧವಾಯಿತು. ಪಟಿಚ್ಚ ಸಮುಪ್ಪಾದ ಅರ್ಥವಾಗದವರಿಗೆ ಇದನ್ನೇ ಹೇಳಿ: ಕೊಟ್ಟಿಗೆಯಲ್ಲಿ ಚುಚ್ಚಿದ ಸೂಜಿಯಿಂದ ಬೆಟ್ಟದ ಗೂಡು ಖಾಲಿಯಾಯಿತು.

ಇನ್ನೊಂದು ಮಾತು. "ರಣಹದ್ದಿನ ಹಾಗೆ ಊರು ಶುಚಿ ಮಾಡಿದ ಪುಣ್ಯವಂತರು" ಎಂದು ನಮ್ಮ ಹಿರಿಯರನ್ನು ಯಾರಾದರೂ ಹೊಗಳಿದರೆ ಒಪ್ಪಬೇಡಿ. ಹದ್ದಿನ ದೇಹವೇ ಆ ಕೆಲಸಕ್ಕೆ ಹೊಂದಿಕೊಂಡಿದೆ. ಬೋಳು ತಲೆಗೆ ಕೊಳೆ ಅಂಟದು, ಜಠರದ ಆಮ್ಲ ರೋಗಾಣುಗಳನ್ನು ಕೊಲ್ಲುತ್ತದೆ. ನಮ್ಮ ತಾತ ಮುತ್ತಾತಂದಿರ ದೇಹ ಊರಿನ ಗೌಡರ ದೇಹದಂತೆಯೇ ಇತ್ತು. ಸತ್ತ ದನ ಎಳೆಯುವ ಕೆಲಸವನ್ನು ಹುಟ್ಟಿನ ಲೆಕ್ಕದಲ್ಲಿ ಅವರ ಹೆಗಲಿಗೆ ಹಾಕಿದ್ದು ಜಾತಿ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಟ್ಟುಬಿಡಿ ಎಂದು ಕರೆ ಕೊಟ್ಟಿದ್ದೂ ಇದೇ ಕಾರಣಕ್ಕೆ.

ಭಾನುವಾರ ವಂದನೆಯ ನಂತರ ಮಹಾಡ್ ಭಾಷಣ ಓದೋಣ. ಮಕ್ಕಳನ್ನೂ ಕರೆತನ್ನಿ.